ನೂರಕ್ಕೆ ಒಂದು ಕಡಿಮೆ

ನಮಾಜು ಮುಗಿದ ಮೇಲೆ ದುಆ ಬೇಡಲು ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಾಗ ಕಣ್ಣಿಗೆ ಮೊದಲು ಬೀಳುವುದು ತಮ್ಮವೇ ಕೈಗೆರೆಗಳು. ಆ ಗೆರೆಗಳಲ್ಲಿ ಅಂಕಿಗಳಿವೆ ಎಂದು ಹಿರಿಯರು ಮಕ್ಕಳಿಗೆ ತೋರಿಸಿಕೊಡುವುದು ತುರ್ಕಿಯಿಂದ ಭಾರತದವರೆಗೆ ಎಷ್ಟೋ ಮುಸ್ಲಿಂ ಮನೆಗಳಲ್ಲಿ ನಡೆದುಬಂದ ರೂಢಿ. ಅರಬ್ಬಿ ಬರಹದಲ್ಲಿ ಬಳಸುವ ಅಂಕಿಗಳಲ್ಲಿ ಒಂದು ಎಂದರೆ ನೆಟ್ಟಗೆ ನಿಂತ ಗೀಟು. ಎಂಟು ಎಂದರೆ ಹೆಂಚಿನ ಮನೆಯ ಮಾಡಿನಂತೆ ಮೇಲೆ ಕೂಡಿ ಕೆಳಗೆ ಅಗಲವಾದ ಎರಡು ಗೀಟು. ಎಡ ಅಂಗೈಯಲ್ಲಿ ಎಂಟರ ಪಕ್ಕ ಒಂದು, ಅಂದರೆ 81. ಬಲ ಅಂಗೈಯಲ್ಲಿ ಒಂದರ ಪಕ್ಕ ಎಂಟು, ಅಂದರೆ 18. ಎರಡನ್ನೂ ಕೂಡಿದರೆ 99. ದೇವರ ಹೆಸರುಗಳೂ ಅಷ್ಟೇ.

ಇದು ಶಾಸ್ತ್ರವಲ್ಲ, ಧರ್ಮಗ್ರಂಥದ ಮಾತೂ ಅಲ್ಲ. ಎಲ್ಲರ ಅಂಗೈಯಲ್ಲೂ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಮೂಡಿರುವುದಿಲ್ಲ. ಆದರೂ ಇದನ್ನು ಒಮ್ಮೆ ಕೇಳಿಸಿಕೊಂಡ ಮಗು ಮುಂದೆ ಬೇಡಿಕೆಗೆ ಕೈ ಎತ್ತುವಾಗ ಬರಿಗೈಯನ್ನು ನೋಡುವುದಿಲ್ಲ, ಹೆಸರುಗಳನ್ನು ನೋಡುತ್ತದೆ. ಅಕ್ಷರ ಮತ್ತು ಅಂಕಿಗಳ ಮೂಲಕ ದೇವರ ಹೆಸರನ್ನು ಧ್ಯಾನಿಸುವ ಒಂದು ದೊಡ್ಡ ಪರಂಪರೆಗೆ ಇದು ಅತ್ಯಂತ ಚಿಕ್ಕ ಬಾಗಿಲು. ಈ ಪರಂಪರೆ ಭಕ್ತರನ್ನು ಎಷ್ಟು ಸೆಳೆದಿದೆಯೋ ಇಸ್ಲಾಮಿನ ಒಳಗೇ ಅಷ್ಟು ವಾಗ್ವಾದವನ್ನೂ ಹುಟ್ಟಿಸಿದೆ. ಅಂಕಿ ಹೆಸರಿನ ಕಡೆಗೆ ಕರೆದೊಯ್ಯುತ್ತದೆಯೇ ಅಥವಾ ಹೆಸರಿನ ಜಾಗದಲ್ಲಿ ತಾನೇ ಕೂತುಬಿಡುತ್ತದೆಯೇ ಎಂಬುದೇ ಆ ವಾಗ್ವಾದದ ತಿರುಳು.

ಎಣಿಸುವುದು ಎಂದರೇನು?

ದೇವರಿಗೆ 99 ಹೆಸರುಗಳಿವೆ, ನೂರಕ್ಕೆ ಒಂದು ಕಡಿಮೆ. ಅವನ್ನು ಎಣಿಸಿಟ್ಟುಕೊಂಡವರು ಸ್ವರ್ಗ ಸೇರುತ್ತಾರೆ ಎಂಬ ಅರ್ಥದ ಪ್ರವಾದಿ ವಚನವೊಂದು ಬುಖಾರಿ ಮತ್ತು ಮುಸ್ಲಿಂ ಎಂಬ ಇಬ್ಬರು ಸಂಗ್ರಾಹಕರ ಹದೀಸ್ ಸಂಪುಟಗಳಲ್ಲಿದೆ. ದೇವರು ಒಬ್ಬ, ಆದ್ದರಿಂದ ಬೆಸ ಸಂಖ್ಯೆ ಅವನಿಗೆ ಮೆಚ್ಚು ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಹೆಸರುಗಳ ಪೂರ್ಣ ಪಟ್ಟಿ ಸಿಗುವುದು ತಿರ್ಮಿದಿಯವರ ಸಂಗ್ರಹದಲ್ಲಿ. ‘ಅಸ್ಮಾ ಉಲ್ ಹುಸ್ನಾ’, ಅಂದರೆ ಅತ್ಯಂತ ಸುಂದರವಾದ ಹೆಸರುಗಳು ಎಂದು ಮನೆಗಳ ಗೋಡೆಯ ಮೇಲೆ ತೂಗುಹಾಕುವ ಪಟ್ಟಿ ಬಹುಮಟ್ಟಿಗೆ ಅದೇ. ದೇವರ ಹೆಸರುಗಳು 99ಕ್ಕೇ ಮುಗಿಯುತ್ತವೆ ಎಂದು ಇದರ ಅರ್ಥವಲ್ಲ ಎಂದು ಬಹುಪಾಲು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ.

ಆ ವಚನದಲ್ಲಿ ಬರುವ ‘ಅಹ್ಸಾ’ ಎಂಬ ಅರಬ್ಬಿ ಕ್ರಿಯಾಪದ ಶತಮಾನಗಳ ಕಾಲ ಚರ್ಚೆಗೆ ಆಹಾರವಾಯಿತು. ಎಣಿಸು, ಲೆಕ್ಕವಿಡು ಎಂಬುದು ಅದರ ನೇರ ಅರ್ಥ. ಬಾಯಿಪಾಠ ಮಾಡಬೇಕು ಎಂದರು ಕೆಲವರು. ಅರ್ಥ ತಿಳಿಯಬೇಕು ಎಂದರು ಇನ್ನು ಕೆಲವರು. ಹೆಸರಿಗೆ ತಕ್ಕಂತೆ ಬಾಳಬೇಕು ಎಂದರು ಮತ್ತೆ ಕೆಲವರು. ತಸ್ಬಿಯ ಮಣಿಗಳನ್ನು ಬೆರಳಲ್ಲಿ ಜಾರಿಸುತ್ತ 99ರ ತನಕ ಹೋಗಿಬರುವುದಷ್ಟೇ ಎಣಿಕೆಯಾದರೆ ಅದನ್ನು ಯಾರು ಬೇಕಾದರೂ ಮಾಡಬಹುದಲ್ಲ!

ಅಕ್ಷರಕ್ಕೊಂದು ಬೆಲೆ

ಎಣಿಕೆಗೆ ಇನ್ನೊಂದು ಅರ್ಥವೂ ಸಾಧ್ಯವಾದದ್ದು ಅರಬ್ಬಿ ಲಿಪಿಯ ಹಳೆಯ ಗುಣದಿಂದ. ಭಾರತದ ಅಂಕಿಗಳನ್ನು ಕುರಿತು ಗಣಿತಜ್ಞ ಅಲ್ ಖ್ವಾರಿಜ್ಮಿ ಒಂಬತ್ತನೆಯ ಶತಮಾನದಲ್ಲಿ ಗ್ರಂಥ ಬರೆದ. ಆ ಅಂಕಿಗಳು ಬಾಗ್ದಾದಿನಲ್ಲಿ ಬೇರುಬಿಡುವ ಮೊದಲು ಅಕ್ಷರಗಳೇ ಅಂಕಿಗಳ ಕೆಲಸವನ್ನೂ ಮಾಡುತ್ತಿದ್ದವು. ಈ ಕ್ರಮ ಹೀಬ್ರೂ, ಗ್ರೀಕ್ ಭಾಷೆಗಳಲ್ಲೂ ಇತ್ತು. ಅರಬ್ಬಿಯಲ್ಲಿ ಅಲಿಫ್, ಬಾ, ಜೀಮ್, ದಾಲ್ ಎಂಬ ಮೊದಲ ನಾಲ್ಕು ಅಕ್ಷರ ಸೇರಿಸಿ ಇದಕ್ಕೆ ‘ಅಬ್ಜದ್’ ಎಂದು ಹೆಸರಾಯಿತು. ಅಲಿಫ್ 1, ಬಾ 2, ಜೀಮ್ 3, ದಾಲ್ 4. ಹೀಗೆ ಒಂಬತ್ತು ಅಕ್ಷರ ಮುಗಿದ ಮೇಲೆ ಯಾ 10, ಕಾಫ್ 20, ಲಾಮ್ 30, ಮೀಮ್ 40, ನೂನ್ 50 ಎಂದು ಹತ್ತುಗಳು. ಅನಂತರ ನೂರುಗಳು. ಇಪ್ಪತ್ತೆಂಟನೆಯ ಅಕ್ಷರ ಘೈನ್‌ಗೆ 1000. ಕನ್ನಡದ ಕಿವಿಗೆ ಒಂದೇ ಆಗಿ ಕೇಳುವ ‘ಹಾ’ ಅರಬ್ಬಿಯಲ್ಲಿ ಎರಡು. ಮೆಲುದನಿಯ ಹಾಗೆ ಬೆಲೆ 5, ಗಂಟಲಿನಿಂದ ಬರುವ ಹಾಗೆ 8. ಲೆಕ್ಕಕ್ಕೆ ಬರುವುದು ಬರೆದ ಅಕ್ಷರ, ಉಚ್ಚರಿಸಿದ ಸ್ವರವಲ್ಲ.

ಕರ್ನಾಟಕ ಸಂಗೀತ ಬಲ್ಲವರಿಗೆ ಇದು ತೀರ ಹೊಸದೆನಿಸದು. ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿದೆ. ಕಟಪಯಾದಿ ಸೂತ್ರದಂತೆ ‘ಮೇಚಕಲ್ಯಾಣಿ’ಯ ಮ ಐದು, ಚ ಆರು, ತಿರುಗಿಸಿ ಓದಿದರೆ 65ನೆಯ ಮೇಳ. ಅಲ್ಲಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಾರೆ, ಅಬ್ಜದ್‌ನಲ್ಲಿ ಕೂಡುತ್ತಾರೆ. ವ್ಯತ್ಯಾಸ ಇಷ್ಟೆ.

ಹೀಗೆ ಕೂಡಿದಾಗ ಸಿಕ್ಕಿದ್ದೇ ನಮ್ಮ ಅಂಗಡಿ ಬಾಗಿಲು, ಲಾರಿಯ ಹಣೆ, ಮದುವೆಯ ಕಾಗದಗಳ ಮೇಲೆ ಎಲ್ಲರೂ ಕಂಡಿರುವ 786. ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಂ’ ಎಂಬ ವಾಕ್ಯದಲ್ಲಿ ‘ಬಿಸ್ಮಿ’ಗೆ 102, ‘ಅಲ್ಲಾಹ್’ಗೆ 66, ‘ಅಲ್ ರಹ್ಮಾನ್’ಗೆ 329, ‘ಅಲ್ ರಹೀಂ’ಗೆ 289. ಒಟ್ಟು 786. ದೇವರ ಹೆಸರು ಬರೆದ ಕಾಗದ ಕಾಲಡಿಗೆ ಬೀಳಬಾರದು ಎಂಬ ಮರ್ಯಾದೆಯಿಂದ ಅದರ ಬದಲು ಅಂಕಿ ಬರೆಯುವ ರೂಢಿ ಭಾರತ ಉಪಖಂಡದಲ್ಲಿ ವ್ಯಾಪಕವಾಯಿತು. 1975ರ ‘ದೀವಾರ್’ ಚಿತ್ರದ ನಾಯಕನ ಜೇಬಿನಲ್ಲಿದ್ದ 786ರ ಬಿಲ್ಲೆ ಗುಂಡನ್ನು ತಡೆದ ಮೇಲಂತೂ ಧರ್ಮದ ಗಡಿ ಮೀರಿ ಅದು ಅದೃಷ್ಟದ ಸಂಖ್ಯೆಯಾಯಿತು. ಆ ಸಂಖ್ಯೆ ಇರುವ ನೋಟನ್ನು ಖರ್ಚು ಮಾಡದೆ ಎತ್ತಿಡುವವರು ಎಲ್ಲ ಮತದವರಲ್ಲೂ ಇದ್ದಾರೆ.

ಒಂದು ಹೂವು, ಒಂದು ಚಂದ್ರ

ಆದರೆ ಧ್ಯಾನದ ಪರಂಪರೆ ಶುರುವಾಗುವುದು ಅದೃಷ್ಟದಿಂದ ಅಲ್ಲ, ಹೋಲಿಕೆಯಿಂದ. ‘ಅಲ್ಲಾಹ್’ ಎಂಬ ಹೆಸರಿನಲ್ಲಿ ಬರೆಯುವ ಅಕ್ಷರಗಳು ಒಂದು ಅಲಿಫ್, ಎರಡು ಲಾಮ್, ಒಂದು ಮೆಲು ಹಾ. 1, 30, 30, 5, ಕೂಡಿದರೆ 66. ಇದೇ ನಾಲ್ಕು ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದರೆ ‘ಹಿಲಾಲ್’ ಎಂದಾಗುತ್ತದೆ. ಅದು ಬಿದಿಗೆಯ ಚಂದ್ರ. ಇನ್ನೊಂದು ಕ್ರಮದಲ್ಲಿ ‘ಲಾಲೆ’ ಎಂದಾಗುತ್ತದೆ. ಪಾರಸಿ ಮತ್ತು ತುರ್ಕಿ ಭಾಷೆಯಲ್ಲಿ ಅದು ಟ್ಯುಲಿಪ್ ಹೂವು. ಮೂರಕ್ಕೂ ಬೆಲೆ 66.

ಆಟೊಮನ್ ತುರ್ಕರ ನಾಡಿನಲ್ಲಿ ಈ ಹೊಂದಿಕೆಯನ್ನು ಮನಸ್ಸಿಟ್ಟು ನೋಡಿದರು. ಒಂದು ಗೆಡ್ಡೆ, ಒಂದು ದಂಟು, ತುದಿಯಲ್ಲಿ ಒಂದೇ ಹೂವು. ಏಕದೇವನನ್ನು ನೆನೆಯಲು ಇನ್ನೇನು ಬೇಕು? ಹದಿನಾರನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ಸಿನಾನ್ ಇಸ್ತಾಂಬುಲಿನಲ್ಲಿ ಕಟ್ಟಿದ ರುಸ್ತುಂ ಪಾಷಾ ಮಸೀದಿಯ ಗೋಡೆಗಳ ಮೇಲೆ ಬಗೆಬಗೆಯ ಟ್ಯುಲಿಪ್‌ಗಳು ನೀಲಿ, ಕೆಂಪು ಬಣ್ಣದ ಹೆಂಚುಗಳಲ್ಲಿ ಅರಳಿ ನಿಂತಿವೆ. ಮಸೀದಿಯಲ್ಲಿ ಮನುಷ್ಯರ ಅಥವಾ ಪ್ರಾಣಿಗಳ ಚಿತ್ರ ಬರೆಯುವಂತಿಲ್ಲ. ಹೂವು ಬರೆಯಬಹುದು. ಅಕ್ಷರ ಬಲ್ಲವರಿಗೆ ಆ ಹೂವಿನಲ್ಲೇ ಹೆಸರು ಕಾಣುತ್ತಿತ್ತು.

1928ರಲ್ಲಿ ತುರ್ಕಿ ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಗೆ ಬದಲಾಯಿಸಿಕೊಂಡಿತು. ಹೂವಿನ ಹೆಸರು ಉಳಿಯಿತು, ಹೆಂಚುಗಳೂ ಉಳಿದವು. ಆದರೆ ಹೊಸ ಅಕ್ಷರದಲ್ಲಿ ಓದಲು ಕಲಿತ ಮಕ್ಕಳಿಗೆ ಹೂವಿನ ಹೆಸರಲ್ಲಿ ಇನ್ನೊಂದು ಹೆಸರು ತಾನಾಗಿ ಕಾಣಲಿಲ್ಲ. ಅದನ್ನು ಯಾರಾದರೂ ವಿವರಿಸಿ ಹೇಳಬೇಕಾಯಿತು.

ಮೊದಲ ಹೆಸರು, ಕೊನೆಯ ಹೆಸರು

ಹೆಸರು ಹೆಸರುಗಳ ನಡುವೆಯೂ ಇಂಥ ಹೊಂದಿಕೆಗಳಿವೆ. ತಿರ್ಮಿದಿಯವರ ಪಟ್ಟಿಯಲ್ಲಿ ‘ಅಲ್ಲಾಹ್’ ಎಂಬ ಮೂಲನಾಮದ ಬಳಿಕ ಮೊದಲು ಬರುವುದು ‘ರಹ್ಮಾನ್’, ಪರಮ ದಯಾಮಯ. ಪಟ್ಟಿಯ ಕಟ್ಟಕಡೆಗೆ ಬರುವುದು ‘ಸಬೂರ್’, ಅಪಾರ ಸಹನೆಯುಳ್ಳವನು. ರಹ್ಮಾನ್‌ನಲ್ಲಿ ರಾ 200, ಗಂಟಲಿನ ಹಾ 8, ಮೀಮ್ 40, ನೂನ್ 50. ಒಟ್ಟು 298. ಸಬೂರ್‌ನಲ್ಲಿ ಸ್ವಾದ್ 90, ಬಾ 2, ವಾವ್ 6, ರಾ 200. ಒಟ್ಟು ಅದೇ 298.

ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಧ್ಯಾನ ಇಲ್ಲಿಂದ ಶುರುವಾಗುತ್ತದೆ. ದಯೆಗೂ ಸಹನೆಗೂ ಏನು ಸಂಬಂಧ? ತಪ್ಪು ಮಾಡಿದವನನ್ನು ಕೂಡಲೇ ದಂಡಿಸದೆ ಕಾಯುವುದೂ ದಯೆಯೇ ಅಲ್ಲವೇ? ಕಾಯಲಾರದವನ ದಯೆ ಎಷ್ಟು ದಿನ ಬಂದೀತು? ತಸ್ಬಿಯ ಸರ ವೃತ್ತವಾಗಿರುವುದರಿಂದ ಕೊನೆಯ ಮಣಿಯ ಆಚೆಗೆ ಮತ್ತೆ ಮೊದಲ ಮಣಿ. ಸಹನೆಯಲ್ಲಿ ಮುಗಿದ ಬೆರಳು ಮರಳಿ ದಯೆಯ ಬಳಿಗೇ ಬರುತ್ತದೆ.

ಇನ್ನೊಂದು ಹೊಂದಿಕೆ ಯೂಸುಫರ ಹೆಸರಿನದು. ಅಣ್ಣಂದಿರೇ ಬಾವಿಗೆ ತಳ್ಳಿದ, ಗುಲಾಮನಾಗಿ ಮಾರಾಟವಾದ, ಸೆರೆಮನೆ ಕಂಡ, ಕೊನೆಗೆ ಈಜಿಪ್ಟಿನ ಅಧಿಕಾರಿಯಾಗಿ ಅದೇ ಅಣ್ಣಂದಿರಿಗೆ ಬರಗಾಲದಲ್ಲಿ ಧಾನ್ಯ ಕೊಟ್ಟ ಪ್ರವಾದಿಯ ಕಥೆ ಕುರ್‌ಆನಿನ ಹನ್ನೆರಡನೆಯ ಅಧ್ಯಾಯದ ವಸ್ತು. ‘ಯೂಸುಫ್’ ಎಂಬ ಹೆಸರಿಗೆ ಯಾ 10, ವಾವ್ 6, ಸೀನ್ 60, ಫಾ 80 ಸೇರಿ 156. ದೇವರ ಹೆಸರುಗಳಲ್ಲಿ 156 ಬೆಲೆಯುಳ್ಳವು ಎರಡಿವೆ. ಒಂದು ‘ಕಯ್ಯೂಮ್’, ಎಲ್ಲವನ್ನೂ ಆಧರಿಸಿ ನಿಲ್ಲಿಸಿದವನು. ಇನ್ನೊಂದು ‘ಅಫುವ್ವ್’, ಮನ್ನಿಸುವವನು. ಬಾವಿಯ ತಳದಲ್ಲಿ ಆತನನ್ನು ಹಿಡಿದು ನಿಲ್ಲಿಸಿದ ಹೆಸರು ಒಂದು. ಅಣ್ಣಂದಿರು ತಲೆತಗ್ಗಿಸಿ ಎದುರು ನಿಂತಾಗ ಆತನ ಬಾಯಲ್ಲಿ ಬಂದ ಕ್ಷಮೆಯ ಹೆಸರು ಮತ್ತೊಂದು. ಇದನ್ನು ಯಾರೂ ರುಜುವಾತಿಗೆ ಹೇಳುವುದಿಲ್ಲ. ಹಾಗೆ ನೋಡಿದಾಗ ಕಥೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೆ.

ಇಂಥ ಧ್ಯಾನಕ್ಕೆ ತಾತ್ವಿಕ ಹಿನ್ನೆಲೆಯನ್ನು ಒದಗಿಸಿದವರಲ್ಲಿ ಸ್ಪೇನಿನ ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿ 1240ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಸೂಫಿ ಚಿಂತಕ ಇಬ್ನ್ ಅರಬಿ ಪ್ರಮುಖ. ಆತನ ಪ್ರಕಾರ ಅಕ್ಷರಗಳು ಸತ್ತ ಗುರುತುಗಳಲ್ಲ. ಜನಾಂಗಗಳಿರುವಂತೆ ಅವೂ ಒಂದು ಜನಾಂಗ. ಮನುಷ್ಯನ ಉಸಿರು ಗಂಟಲು, ನಾಲಿಗೆ, ತುಟಿಗಳಲ್ಲಿ ತಡೆದು 28 ಅಕ್ಷರಗಳಾಗುವಂತೆ ದಯಾಮಯನ ಉಸಿರು ಲೋಕದ ಹಂತಹಂತಗಳಾಗಿ ಮೂಡುತ್ತದೆ. ಚಂದ್ರನ ನಡೆಯ 28 ಮನೆಗಳೂ ಈ ಚಿತ್ರದಲ್ಲಿ ಸೇರಿಕೊಂಡಿವೆ.

ಆದರೆ ಹೆಸರನ್ನು ಎಣಿಸಿ ಸುಮ್ಮನಾಗುವವರನ್ನು ಇಬ್ನ್ ಅರಬಿಗಿಂತ ಮೊದಲೇ ಎಚ್ಚರಿಸಿದವರು ಇಮಾಂ ಗಜಾಲಿ. ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಪ್ರತಿಷ್ಠಿತ ಹುದ್ದೆಯನ್ನು 1095ರಲ್ಲಿ ಬಿಟ್ಟು ಹೊರಟ ಅವರು ದೇವರ ಹೆಸರುಗಳನ್ನು ಕುರಿತೇ ‘ಅಲ್ ಮಕ್ಸದ್ ಅಲ್ ಅಸ್ನಾ’ ಎಂಬ ಗ್ರಂಥ ಬರೆದರು. ಒಂದೊಂದು ಹೆಸರಿನ ಅರ್ಥ ಬಿಡಿಸಿದ ಮೇಲೆ ಅದರಲ್ಲಿ ಮನುಷ್ಯನ ಪಾಲು ಯಾವುದು ಎಂದು ಅವರು ಕೇಳುತ್ತಾರೆ. ‘ಲತೀಫ್’ ಎಂದರೆ ಒಳಿತಿನ ಸೂಕ್ಷ್ಮಗಳನ್ನು ಬಲ್ಲವನು, ಅದನ್ನು ನೋವಾಗದಂತೆ ತಲುಪಿಸುವವನು. ಅದರಲ್ಲಿ ಮನುಷ್ಯನ ಪಾಲು ಇತರರೊಡನೆ ಮೃದುವಾಗಿರುವುದು, ಒಳ್ಳೆಯ ದಾರಿಗೆ ಕರೆಯುವಾಗಲೂ ಗದರದೆ ಕರೆಯುವುದು. ಇದು ಗಜಾಲಿಯವರ ಲೆಕ್ಕಾಚಾರ.

129 ಸಲ ಲತೀಫ್

ಅದೇ ‘ಲತೀಫ್’ ಒಮ್ಮೆ ಬೀದಿಗೂ ಬಂತು. ಲಾಮ್ 30, ತಾ 9, ಯಾ 10, ಫಾ 80 ಸೇರಿ ಲತೀಫ್‌ಗೆ 129. ಸಂಕಟದ ಹೊತ್ತಿನಲ್ಲಿ ‘ಯಾ ಲತೀಫ್’ ಎಂದು 129 ಸಲ ಜಪಿಸುವುದು ಸೂಫಿ ಪಂಥಗಳಲ್ಲಿ ಪ್ರಸಿದ್ಧ. ಉತ್ತರ ಆಫ್ರಿಕದಲ್ಲಿ ಇನ್ನೂ ದೊಡ್ಡ ಸಂಕಟಕ್ಕೆ 129ನ್ನು 129ರಿಂದ ಗುಣಿಸಿ 16,641 ಸಲ ಜಪಿಸುವ ಪದ್ಧತಿಯೂ ಇದೆ. ಒಬ್ಬರಿಂದ ಆಗುವ ಕೆಲಸವಲ್ಲ, ಹಲವರು ಕೂಡಿ ಕೂರಬೇಕು.

ಮೊರೊಕ್ಕೊ ದೇಶ ಫ್ರೆಂಚರ ಹಿಡಿತದಲ್ಲಿದ್ದಾಗ 1930ರ ಮೇ 16ರಂದು ಒಂದು ಆಜ್ಞೆ ಹೊರಟಿತು. ಬರ್ಬರ್ ಬುಡಕಟ್ಟುಗಳನ್ನು ಇಸ್ಲಾಮೀ ನ್ಯಾಯಾಲಯಗಳಿಂದ ಬೇರ್ಪಡಿಸಿ ಪ್ರತ್ಯೇಕ ವ್ಯವಸ್ಥೆಗೆ ಒಳಪಡಿಸುವುದು ಅದರ ಸಾರಾಂಶ. ಒಂದೇ ನಾಡಿನ ಜನರನ್ನು ಒಡೆಯುವ ತಂತ್ರ ಇದು ಎಂದು ನಗರಗಳ ಯುವಕರು ಕೆರಳಿದರು. ಆಯುಧವಿಲ್ಲ, ಸಭೆಗೆ ಅನುಮತಿಯಿಲ್ಲ. ಜೂನ್ ತಿಂಗಳಲ್ಲಿ ಸಲೆ ಪಟ್ಟಣದ ದೊಡ್ಡ ಮಸೀದಿಯಲ್ಲಿ ಜನ ಒಟ್ಟಾಗಿ ‘ಯಾ ಲತೀಫ್’ ಎನ್ನತೊಡಗಿದರು. ಬರ್ಬರ್ ಸೋದರರಿಂದ ನಮ್ಮನ್ನು ಅಗಲಿಸಬೇಡ ಎಂಬ ಬೇಡಿಕೆಯನ್ನೂ ಅದಕ್ಕೆ ಸೇರಿಸಿದರು. ರಬಾತ್, ಫೆಸ್ ನಗರಗಳಿಗೂ ಅದು ಹಬ್ಬಿತು. ಮೊರೊಕ್ಕೊದ ರಾಷ್ಟ್ರೀಯ ಚಳವಳಿಯ ಆರಂಭವನ್ನು ಚರಿತ್ರಕಾರರು ಇಲ್ಲಿ ಗುರುತಿಸುತ್ತಾರೆ. ಬರಗಾಲಕ್ಕೆ, ರೋಗರುಜಿನಕ್ಕೆಂದು ಇದ್ದ ಜಪ ರಾಜಕೀಯದ ದನಿಯಾಯಿತು. ಮೃದುತ್ವದ ಹೆಸರೇ ಪ್ರತಿಭಟನೆಯ ಹೆಸರೂ ಆಯಿತು.

ಚೌಕದೊಳಗೆ ಸೆರೆಯಾದ ಹೆಸರು

ಅಂಕಿಯ ದಾರಿಗೆ ಇನ್ನೊಂದು ಕವಲೂ ಇದೆ. ಮೂರು ಮೂರು ಮನೆಗಳ ಚೌಕದಲ್ಲಿ 1ರಿಂದ 9ರ ತನಕ ಅಂಕಿ ತುಂಬಿ, ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ 15 ಬರುವ ಮಾಯಾಚೌಕ ಶಾಲೆಯ ಮಕ್ಕಳಿಗೂ ಗೊತ್ತು. ಎಲ್ಲ ಮನೆಗಳ ಮೊತ್ತ 45. ಅಬ್ಜದ್‌ನಲ್ಲಿ ‘ಆದಂ’ ಎಂದರೆ 45, ‘ಹವ್ವಾ’ ಎಂದರೆ 15. ಮೂಲೆಗಳಲ್ಲಿರುವ 2, 4, 6, 8ಕ್ಕೆ ಅಕ್ಷರ ಕೊಟ್ಟರೆ ‘ಬದೂಹ್’ ಎಂಬ, ಅರಬ್ಬಿಯಲ್ಲಿ ಬೇರೆ ಅರ್ಥವಿಲ್ಲದ ಪದ. ಅದರ ಬೆಲೆ 20. ಪ್ರೀತಿಸುವವನು ಎಂಬರ್ಥದ ದೇವನಾಮ ‘ವದೂದ್’ಗೂ 20. ಕಾಗದ ಸುರಕ್ಷಿತವಾಗಿ ತಲುಪಲಿ ಎಂದು ಲಕೋಟೆಯ ಮೇಲೆ ‘ಬದೂಹ್’ ಎಂದು ಬರೆಯುವ ಪದ್ಧತಿ ಅರಬ್ ನಾಡುಗಳಲ್ಲಿ ಬಹುಕಾಲ ಇತ್ತು. ಹೆರಿಗೆ ಕಷ್ಟವಾದಾಗ ಈ ಚೌಕವನ್ನು ನೀರು ತಾಗದ ಬಟ್ಟೆಯ ಮೇಲೆ ಬರೆದು ಗರ್ಭಿಣಿಗೆ ತೋರಿಸುವ ರೂಢಿಯನ್ನು ಗಜಾಲಿಯವರೇ ತಮ್ಮ ಆತ್ಮಕಥನದಲ್ಲಿ ಪ್ರಸ್ತಾಪಿಸಿದ್ದಾರೆ.

ದೇವರ ಹೆಸರಿಗೂ ಇಂಥ ಚೌಕ ಕಟ್ಟಬಹುದು. 66ಕ್ಕೆ ಹೊಂದುವ ಒಂದು ಚೌಕ ಹೀಗಿದೆ:

21  26  19
20  22  24
25  18  23

ಯಾವ ಕಡೆಯಿಂದ ಕೂಡಿದರೂ 66. ಇಲ್ಲಿಯ ಅತ್ಯಂತ ಚಿಕ್ಕ ಅಂಕಿ 18, ಸದಾ ಜೀವಂತನು ಎಂಬರ್ಥದ ‘ಹೈ’ ಎಂಬ ಹೆಸರಿನ ಬೆಲೆ. ಬಲ ಅಂಗೈಯ ಸಂಖ್ಯೆಯೂ ಅದೇ. ಯಾವ ದಿಕ್ಕಿನಿಂದ ಹೊರಟರೂ ಅದೇ ಹೆಸರು ಎಂದು ಇದನ್ನು ನೋಡುತ್ತ ಕೂರುವುದು ಒಂದು ರೀತಿ. ಮಡಚಿ, ತಗಡಿನ ತಾಯಿತದಲ್ಲಿ ತುಂಬಿ, ತೋಳಿಗೆ ಕಟ್ಟಿ, ಕೆಲಸ ಆಗಲಿ ಎಂದು ಕಾಯುವುದು ಇನ್ನೊಂದು ರೀತಿ. ಹದಿಮೂರನೆಯ ಶತಮಾನದ ಅಹ್ಮದ್ ಅಲ್ ಬೂನಿಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ‘ಶಮ್ಸುಲ್ ಮಆರಿಫ್’ ಗ್ರಂಥ ಈ ಎರಡನೆಯ ರೀತಿಗೆ ದೊಡ್ಡ ಆಧಾರವಾಯಿತು.

ವಿದ್ವಾಂಸರ ಸಿಟ್ಟು ಇರುವುದೂ ಅದರ ಮೇಲೆಯೇ. 1377ರಲ್ಲಿ ತನ್ನ ಪ್ರಸಿದ್ಧ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್ ಅಕ್ಷರಗಳ ರಹಸ್ಯವಿದ್ಯೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟು ಅದನ್ನು ಮಾಟಮಂತ್ರದ ನೆರೆಯಲ್ಲಿಟ್ಟು ಚರ್ಚಿಸಿದ. ಇಂದಿಗೂ ಅನೇಕ ಮೌಲ್ವಿಗಳು 786 ಬರೆಯುವುದನ್ನು ಒಪ್ಪುವುದಿಲ್ಲ. ಪ್ರವಾದಿಯವರು ಪತ್ರ ಬರೆಸುವಾಗ ದೇವರ ಹೆಸರನ್ನೇ ಬರೆಸಿದರು, ಅಂಕಿಯನ್ನಲ್ಲ ಎಂಬುದು ಅವರ ವಾದ. ಅದಕ್ಕಿಂತ ಚುರುಕಾದ ಇನ್ನೊಂದು ವಾದವೂ ಇದೆ. ‘ಹರೇ ಕೃಷ್ಣಾ’ ಎಂದು ಉರ್ದು ಅಕ್ಷರಗಳಲ್ಲಿ ಬರೆದು ಕೂಡಿದರೂ ಬರುವುದು 786. ಇದನ್ನು ಸೌಹಾರ್ದದ ಸಂಕೇತವೆಂದು ಸಂತೋಷಪಡುವವರುಂಟು. ಸಂಖ್ಯೆಗೆ ತನ್ನದೆಂಬ ಅರ್ಥವಿಲ್ಲ, ಅದು ಯಾರ ಜೊತೆಗೂ ಹೋಗುತ್ತದೆ ಎಂದು ಎಚ್ಚರಿಸುವವರೂ ಉಂಟು. ಸತ್ಯಸ್ವರೂಪಿ ಎಂಬರ್ಥದ ‘ಹಕ್’ ಎಂಬ ದೇವನಾಮಕ್ಕೆ ಬೆಲೆ 108. ಜಪಮಾಲೆಯ 108 ಮಣಿಗಳು ಕೂಡಲೇ ನೆನಪಾಗುತ್ತವೆ, ಆದರೆ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಹುಡುಕುವವರಿಗೆ ಹೊಂದಿಕೆಗಳು ಸಿಗುತ್ತಲೇ ಹೋಗುತ್ತವೆ. ಎಲ್ಲಿ ನಿಲ್ಲಬೇಕು ಎಂಬುದು ತಿಳಿದಿರಬೇಕು.

ನಿಲ್ಲದೆ ಹೋದವರು ಪ್ರಾಣವನ್ನೇ ತೆತ್ತದ್ದೂ ಇದೆ. ಇರಾನಿನ ಅಸ್ತರಾಬಾದಿನ ಫಜ್ಲುಲ್ಲಾ ಎಂಬಾತ ‘ಹುರೂಫಿ’, ಅಂದರೆ ಅಕ್ಷರಪಂಥವನ್ನು ಕಟ್ಟಿದ. ಮನುಷ್ಯನ ಮುಖದ ರೇಖೆಗಳಲ್ಲೇ ದೈವೀ ಅಕ್ಷರಗಳಿವೆ ಎಂದು ಸಾರಿದ. ತೈಮೂರನ ಮಗ ಮೀರಾನ್ ಶಾಹ 1394ರಲ್ಲಿ ಅವನನ್ನು ಕೊಲ್ಲಿಸಿದ. ಅವನ ಅನುಯಾಯಿ, ತುರ್ಕಿ ಭಾಷೆಯ ಹಿರಿಯ ಕವಿ ನೆಸೀಮಿಗೆ 1417ರ ಸುಮಾರಿಗೆ ಅಲೆಪ್ಪೊ ನಗರದಲ್ಲಿ ಮರಣದಂಡನೆಯಾಯಿತು. ಮುಖದಲ್ಲಿ ದೇವರ ಅಕ್ಷರ ಕಂಡವರನ್ನು ಆಳುವವರೂ ಧರ್ಮಪಂಡಿತರೂ ಸಹಿಸಲಿಲ್ಲ.

ಬೀಸುಕಲ್ಲಿನ ಅಲಿಫ್

ಅಕ್ಷರದ ಈ ಲೆಕ್ಕ ಕನ್ನಡ ನಾಡಿಗೂ ಬಂತು. ಮೊದಲು ಅರಮನೆಗೆ. ವಿಜಾಪುರದ ಗೋಳಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಪಾರಸಿಯಲ್ಲಿ ಮೂರು ಬರಹಗಳಿವೆ. ಮೂರರಲ್ಲೂ ಅಕ್ಷರಗಳನ್ನು ಕೂಡಿದರೆ ಹಿಜರಿ 1067 ಬರುತ್ತದೆ. ಅದು ಮುಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ ವರ್ಷ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಅರವತ್ತು ಸಂವತ್ಸರಗಳ ಚಕ್ರಕ್ಕೆ ಹೊಸ ಹೆಸರುಗಳನ್ನಿಟ್ಟಾಗಲೂ ಇದೇ ಜಾಣ್ಮೆ. ಪ್ರಭವದಿಂದ 37ನೆಯದಾದ ಶೋಭಕೃತು ಸಂವತ್ಸರ ‘ಜಕೀ’ ಆಯಿತು. ಅದರ ಅಕ್ಷರಗಳು 7, 20, 10. ಮುಂದಿನ ಕ್ರೋಧಿ ‘ಅಜಲ್’ ಆಯಿತು. 1, 7, 30, ಅಂದರೆ 38. ಟಿಪ್ಪುವಿನ ನಾಣ್ಯಗಳ ಮೇಲೆ ಈ ಹೆಸರುಗಳನ್ನು ಕಾಣಬಹುದು.

ಅರಮನೆಗೆ ಬಂದದ್ದು ಎಣಿಕೆ. ಧ್ಯಾನ ಬಂದದ್ದು ಅಡುಗೆಮನೆಗೆ. ಹದಿನೇಳನೆಯ ಶತಮಾನದ ವಿಜಾಪುರದ ಸೂಫಿಗಳು ಪಾರಸಿ ಗ್ರಂಥಗಳ ಜೊತೆಗೆ ಜನರ ಮಾತಾದ ದಖನಿಯಲ್ಲಿ ಹೆಂಗಸರಿಗಾಗಿ ಹಾಡು ಕಟ್ಟಿದರು. ನೂಲುವಾಗ ಹಾಡುವುದು ‘ಚರಖಾ ನಾಮಾ’, ಬೀಸುವಾಗ ಹಾಡುವುದು ‘ಚಕ್ಕಿ ನಾಮಾ’. ಬೀಸುವ ಪದಗಳ ಸಂಪತ್ತುಳ್ಳ ನಾಡಿಗೆ ಈ ಜಾಡು ಅಪರಿಚಿತವಲ್ಲ. ಈ ಹಾಡುಗಳನ್ನು ಅಭ್ಯಾಸ ಮಾಡಿದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ವಿಜಾಪುರದ ಸೂಫಿಗಳ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದರು. ಅಂಥ ಒಂದು ಚಕ್ಕಿ ನಾಮಾದಲ್ಲಿ ಬೀಸುಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಲಾಗಿದೆ. ಅಲಿಫ್ ನೆಟ್ಟಗೆ ನಿಂತ ಗೀಟು. ಅದರ ಬೆಲೆ ಒಂದು. ಅಲ್ಲಾಹನ ಹೆಸರು ಶುರುವಾಗುವುದೂ ಅದರಿಂದಲೇ. ಕಲ್ಲಿನ ನಡುವಿನ ಕೀಲು ಪ್ರವಾದಿ. ಕೀಲಿನ ಸುತ್ತ ಕಲ್ಲು ತಿರುಗುತ್ತದೆ.

ಆ ಹಾಡು ಹೇಳಿದ ಹೆಂಗಸರಲ್ಲಿ ಅಬ್ಜದ್ ಕೋಷ್ಟಕ ಬಲ್ಲವರು ಎಷ್ಟು ಮಂದಿ ಇದ್ದಾರು? ಇಬ್ನ್ ಅರಬಿಯನ್ನು ಓದಿದವರು ಯಾರು? ಬೆಳಕು ಹರಿಯುವ ಮೊದಲೇ ಎದ್ದು ಕೂತು, ಒಂದು ಕೈಯಲ್ಲಿ ಜೋಳದ ಕಾಳು ಹಾಕುತ್ತ ಇನ್ನೊಂದು ಕೈಯಲ್ಲಿ ಗೂಟ ಹಿಡಿದು ತಿರುಗಿಸುವಾಗ ಅವರು ಹಿಡಿದಿದ್ದದ್ದು ಒಂದು ಅಕ್ಷರವನ್ನು. ಕಲ್ಲು ಎಷ್ಟು ಸುತ್ತು ತಿರುಗಿತು ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಹಿಟ್ಟು ಆಗಿರುತ್ತಿತ್ತು.